ಮಗುವಿನ ಲಿವರ್, ತಾಯಿಯ ರಿಪೋರ್ಟ್

ಮಗುವಿಗೆ ಹೆಪಟೈಟಿಸ್ ಬಿ ಇದೆ ಅಂತ ಗೊತ್ತಾಗಿ ಲಿವರ್ ಡಾಕ್ಟರ ಹತ್ತಿರ ಹೋದರೆ, ಅವರು ಮೊದಲು ಕೇಳುವುದು ತಾಯಿಯ ರಿಪೋರ್ಟ್. ಮಗುವಿನ ಫೈಲ್ ಇನ್ನೂ ಮೇಜಿನ ಮೇಲೆ ಮುಚ್ಚಿಕೊಂಡೇ ಇರುತ್ತದೆ. "ಅಮ್ಮನಿಗೆ ಇದೆಯಾ? ಟೆಸ್ಟ್ ಮಾಡಿಸಿದ್ದೀರಾ? ಬಸುರಿಯಾಗಿದ್ದಾಗಿನ ಕಾಗದ ಇದ್ದರೆ ತನ್ನಿ." ಇಷ್ಟು ಕೇಳಿದ್ದೇ ತಡ, ಪಕ್ಕದಲ್ಲಿ ಕೂತ ತಾಯಿಯ ಮುಖ ಇಳಿದುಹೋಗುತ್ತದೆ. ನನ್ನ ಅಕ್ಕನದ್ದೂ ಹಾಗೇ ಆಯಿತು.

ಅಕ್ಕನ ಮಗನಿಗೆ ಆಗ ಐದು ವರ್ಷ. ಗಂಟಲಿನ ಒಂದು ಸಣ್ಣ ಆಪರೇಷನ್‌ಗೆ ಮುಂಚೆ ಮಾಮೂಲಿ ರಕ್ತಪರೀಕ್ಷೆ ಮಾಡಿದಾಗ ಇದು ಸಿಕ್ಕಿತು. ಅವನು ಓಡಾಡಿಕೊಂಡು, ಉಂಡುಕೊಂಡು ಚೆನ್ನಾಗಿಯೇ ಇದ್ದ. ಯಾರಿಗೂ ಸುಳಿವೇ ಇರಲಿಲ್ಲ. ಅಲ್ಲಿಂದ ಮುಂದೆ ಅವರ ಜೊತೆ ಓಡಾಡುತ್ತಾ ನಾನು ತುಂಬ ಓದಿದೆ, ಡಾಕ್ಟರುಗಳನ್ನು ಕಾಡಿ ಕಾಡಿ ಕೇಳಿದೆ. ಹಾಗೆ ತಿಳಿದುಕೊಂಡಿದ್ದರಲ್ಲಿ ಒಂದು ವಿಷಯ ನನ್ನನ್ನು ಬಿಟ್ಟೇ ಹೋಗುತ್ತಿಲ್ಲ. ಡಾಕ್ಟರು ಆವತ್ತು ಕೇಳಿದ ಅದೇ ಕಾಗದವನ್ನು ಹೆರಿಗೆಗೆ ಮುಂಚೆ ಯಾರಾದರೂ ಸರಿಯಾಗಿ ಓದಿದರೆ, ಬಹುಪಾಲು ಮಕ್ಕಳಿಗೆ ಈ ಸೋಂಕು ಬರುವುದೇ ಇಲ್ಲ.

ಮೊದಲು ವಯಸ್ಸಿನ ಲೆಕ್ಕ ಹೇಳುತ್ತೇನೆ. ಅದು ಗೊತ್ತಾಗದೆ ಉಳಿದದ್ದು ಅರ್ಥವಾಗುವುದಿಲ್ಲ. ಹೆಪಟೈಟಿಸ್ ಬಿ ವೈರಸ್ ರಕ್ತದಿಂದ, ದೇಹದ ಕೆಲವು ದ್ರವಗಳಿಂದ ಹರಡುತ್ತದೆ, ಲಿವರಿನಲ್ಲಿ ಹೋಗಿ ಕೂರುತ್ತದೆ. ಆರೋಗ್ಯವಾಗಿರುವ ದೊಡ್ಡವರಿಗೆ ಅಂಟಿದರೆ ನೂರರಲ್ಲಿ 95ಕ್ಕೂ ಹೆಚ್ಚು ಮಂದಿ ಕೆಲವು ತಿಂಗಳಲ್ಲಿ ಅದನ್ನು ಹೊರಹಾಕುತ್ತಾರೆ. ಒಂದರಿಂದ ಐದು ವರ್ಷದೊಳಗಿನ ಮಕ್ಕಳಿಗೆ ಅಂಟಿದರೆ ನೂರರಲ್ಲಿ ಸುಮಾರು 25ರಿಂದ 50 ಮಕ್ಕಳಲ್ಲಿ ಅದು ಉಳಿದುಬಿಡುತ್ತದೆ. ಹುಟ್ಟುವ ಹೊತ್ತಿಗೇ ಅಂಟಿದರೆ? ನೂರರಲ್ಲಿ ಸುಮಾರು 90 ಮಕ್ಕಳಲ್ಲಿ. ಆರು ತಿಂಗಳು ದಾಟಿದರೂ ವೈರಸ್ ರಕ್ತದಲ್ಲೇ ಇದ್ದರೆ ಅದು ದೀರ್ಘಕಾಲದ ಸೋಂಕು.

ಅಂದರೆ ಒಂದೇ ವೈರಸ್. ಗಂಡನಿಗೆ ಅಂಟಿದರೆ ಒಂದಷ್ಟು ದಿನ ಕಾಮಾಲೆಯಾಗಿ ಮುಗಿಯಬಹುದು, ಅದೇ ದಿನ ಹುಟ್ಟಿದ ಮಗುವಿಗೆ ಅಂಟಿದರೆ ಜೀವನಪೂರ್ತಿ ಉಳಿಯಬಹುದು. ಇನ್ನೊಂದು ವಿಚಿತ್ರ ನೋಡಿ. ಕಾಮಾಲೆ, ಸುಸ್ತು, ವಾಂತಿ ಇವೆಲ್ಲ ಬಹುಮಟ್ಟಿಗೆ ವೈರಸ್ಸಿನ ಕೆಲಸ ಅಲ್ಲ. ವೈರಸ್ ಹೊಕ್ಕಿರುವ ಲಿವರ್ ಕೋಶಗಳ ಮೇಲೆ ನಮ್ಮ ದೇಹವೇ ಮಾಡುವ ಯುದ್ಧದ ಪರಿಣಾಮ ಅದು. ಕೂಸಿನ ದೇಹ ಸಾಮಾನ್ಯವಾಗಿ ಅಂಥ ಯುದ್ಧ ಮಾಡುವುದಿಲ್ಲ. ಹಾಗಾಗಿ ಕಾಯಿಲೆಯ ಲಕ್ಷಣವೇ ಕಾಣುವುದಿಲ್ಲ, ವೈರಸ್ಸೂ ಹೋಗುವುದಿಲ್ಲ. ಮಗು ದುಂಡಗೆ ಬೆಳೆಯುತ್ತಿರುತ್ತದೆ, ಒಳಗೆ ಪ್ರತಿ ಹನಿ ರಕ್ತದಲ್ಲೂ ಕೋಟಿಗಟ್ಟಲೆ ವೈರಸ್ ಇರಬಹುದು.

ತಾಯಿಯ ವಿಷಯಕ್ಕೆ ಬರೋಣ. ತಾಯಿಗೆ ಹೆಪಟೈಟಿಸ್ ಬಿ "ಇದೆ" ಅಥವಾ "ಇಲ್ಲ" ಅಂತ ಎರಡೇ ಉತ್ತರ ಅಂತ ನಾವು ಅಂದುಕೊಂಡಿದ್ದೆವು. ಅಷ್ಟು ಸರಳ ಇಲ್ಲ. ಬಸುರಿಯರಿಗೆ ಮಾಡುವ ಮಾಮೂಲಿ ಟೆಸ್ಟಿನಲ್ಲಿ ನೋಡುವುದು ವೈರಸ್ಸಿನ ಹೊರಕವಚದ ಪ್ರೋಟೀನನ್ನು. ರಿಪೋರ್ಟಿನಲ್ಲಿ ಎಚ್‌ಬಿಎಸ್‌ಎಜಿ ಅಂತ ಬರೆದಿರುತ್ತದೆ. ಅದು ರಿಯಾಕ್ಟಿವ್ ಅಂತ ಬಂದರೆ ಸೋಂಕು ಇದೆ ಅಂತ ಅರ್ಥ. ಎಷ್ಟಿದೆ, ಮಗುವಿಗೆ ದಾಟುವ ಅಪಾಯ ಎಷ್ಟು ಅನ್ನುವುದು ಆ ಒಂದು ಸಾಲಿನಿಂದ ತಿಳಿಯುವುದಿಲ್ಲ. ಅದಕ್ಕೆ ಇನ್ನೆರಡು ಟೆಸ್ಟ್ ಬೇಕು. ಒಂದು ಎಚ್‌ಬಿಇಎಜಿ, ಅಂದರೆ ಇ ಆ್ಯಂಟಿಜೆನ್ ಅನ್ನುವ, ವೈರಸ್ಸಿನ ಇನ್ನೊಂದು ಪ್ರೋಟೀನ್. ವೈರಸ್ ಜೋರಾಗಿ ಬೆಳೆಯುತ್ತಿದ್ದರೆ ಇದು ಸಾಮಾನ್ಯವಾಗಿ ಪಾಸಿಟಿವ್ ಇರುತ್ತದೆ. ಇನ್ನೊಂದು ವೈರಸ್ಸಿನ ಡಿಎನ್‌ಎಯನ್ನೇ ಎಣಿಸುವ ಟೆಸ್ಟ್, ವೈರಲ್ ಲೋಡ್ ಅನ್ನುತ್ತಾರಲ್ಲ, ಅದು.

ಈ ಇ ಆ್ಯಂಟಿಜೆನ್ ಮಾಡುವ ವ್ಯತ್ಯಾಸ ದೊಡ್ಡದು. ತಾಯಿಗೆ ಅದು ಪಾಸಿಟಿವ್ ಇದ್ದು, ಮಗುವಿಗೆ ಹುಟ್ಟಿದಾಗ ಯಾವ ರಕ್ಷಣೆಯೂ ಸಿಗದಿದ್ದರೆ ನೂರರಲ್ಲಿ 70ರಿಂದ 90 ಮಕ್ಕಳಿಗೆ ಸೋಂಕು ದಾಟುತ್ತದೆ. ನೆಗೆಟಿವ್ ಇದ್ದರೆ 10ರಿಂದ 40. ಕಡಿಮೆ, ನಿಜ. ಆದರೆ ಸೊನ್ನೆ ಅಲ್ಲ. "ಇ ನೆಗೆಟಿವ್ ಅಲ್ವಾ, ಬಿಡಿ" ಅಂತ ಹಗುರವಾಗಿ ತೆಗೆದುಕೊಳ್ಳುವವರನ್ನು ಕಂಡರೆ ನನಗೆ ಭಯವಾಗುತ್ತದೆ. ಯಾಕೆಂದರೆ ಅಂಥ ತಾಯಂದಿರ ಕೂಸುಗಳಲ್ಲಿ ಅಪರೂಪಕ್ಕೆ ಬೇರೆಯೇ ಒಂದು ಅನಾಹುತ ಆಗುತ್ತದೆ. ಹುಟ್ಟಿದ ಕೆಲವೇ ತಿಂಗಳಲ್ಲಿ ತೀವ್ರವಾದ ಹೆಪಟೈಟಿಸ್ ಬಂದು ಲಿವರ್ ಕೈಕೊಡುತ್ತದೆ. ಇ ಆ್ಯಂಟಿಜೆನ್ ಇಲ್ಲದ ಕಡೆ ಕೂಸಿನ ದೇಹ ವೈರಸ್ಸನ್ನು ಗುರುತಿಸಿ ಒಮ್ಮೆಲೇ ಮೇಲೆ ಬೀಳುವುದರಿಂದ ಹೀಗಾಗುತ್ತದೆ ಅಂತ ವಿವರಿಸುತ್ತಾರೆ.

ಇ ಆ್ಯಂಟಿಜೆನ್ ಇದ್ದಾಗ ಆಗುವುದು ಇದರ ಉಲ್ಟಾ. ಅದು ಚಿಕ್ಕ ಪ್ರೋಟೀನ್, ಮಾಸು ದಾಟಿ ಹೊಟ್ಟೆಯೊಳಗಿನ ಮಗುವಿನ ರಕ್ತಕ್ಕೆ ಸೇರಬಲ್ಲದು. ಇಡೀ ವೈರಸ್ ದಾಟುವುದು ಹೆಚ್ಚಾಗಿ ಹೆರಿಗೆಯ ಹೊತ್ತಿನಲ್ಲಿ, ತಾಯಿಯ ರಕ್ತ ಮತ್ತು ದ್ರವಗಳು ಮಗುವಿಗೆ ತಾಗಿದಾಗ. ಗರ್ಭದಲ್ಲೇ ಸೋಂಕಾಗುವ ಮಕ್ಕಳು ಕಡಿಮೆ. ಆದರೆ ಈ ಪ್ರೋಟೀನ್ ಮುಂಚೆಯೇ ಹೋಗಿ ಮಗುವಿನ ರೋಗನಿರೋಧಕ ವ್ಯವಸ್ಥೆಗೆ ಪರಿಚಯವಾಗಿಬಿಟ್ಟಿರುತ್ತದೆ. ಹುಟ್ಟಿದಾಗಿನಿಂದ ಮನೆಯಲ್ಲೇ ಇರುವ ಮುಖವನ್ನು ನಾಯಿ ಬೊಗಳಿ ಓಡಿಸುತ್ತದೆಯೇ? ಇದೂ ಹಾಗೇ, ವೈರಸ್ ಮನೆಯವರಲ್ಲೊಬ್ಬ ಆಗಿಬಿಡುತ್ತದೆ. ಇದು ಪೂರ್ತಿ ಹೀಗೇ ನಡೆಯುತ್ತದೆಯೇ ಅನ್ನುವ ಬಗ್ಗೆ ವಿಜ್ಞಾನಿಗಳಲ್ಲಿ ಚರ್ಚೆ ಇದೆ. ಈ ಮಕ್ಕಳ ದೇಹ ಸುಮ್ನೆ ಕೂತಿರುವುದಿಲ್ಲ, ಒಳಗೊಳಗೇ ಏನೋ ಹೋರಾಟ ಇದ್ದೇ ಇರುತ್ತದೆ ಅನ್ನುವವರೂ ಇದ್ದಾರೆ.

ಕಾರಣ ಏನೇ ಇರಲಿ, ಕಣ್ಣಿಗೆ ಕಾಣುವ ಫಲಿತಾಂಶ ಒಂದಿದೆ. ತಾಯಿಯಿಂದ ಸೋಂಕು ಬಂದ ಮಕ್ಕಳೂ, ಬೇರೆಯವರಿಂದ ಆಮೇಲೆ ಸೋಂಕು ಬಂದ ಮಕ್ಕಳೂ ಒಂದೇ ದಾರಿಯಲ್ಲಿ ಹೋಗುವುದಿಲ್ಲ. ದೀರ್ಘಕಾಲದ ಹೆಪಟೈಟಿಸ್ ಬಿ ಇರುವ ಮಗುವಿನಲ್ಲಿ ಡಾಕ್ಟರುಗಳು ಕಾಯುವ ಒಂದು ತಿರುವು ಇದೆ. ಇ ಆ್ಯಂಟಿಜೆನ್ ಹೋಗಿ, ಅದರ ವಿರುದ್ಧ ದೇಹ ತಯಾರಿಸುವ ರಕ್ಷಕ ಪ್ರೋಟೀನ್, ಅಂದರೆ ಆ್ಯಂಟಿಬಾಡಿ, ಬರುವುದು. ಅಲ್ಲಿಂದ ವೈರಸ್ ಸಾಮಾನ್ಯವಾಗಿ ತಗ್ಗುತ್ತದೆ, ಲಿವರಿಗೆ ಸ್ವಲ್ಪ ಉಸಿರು ಸಿಗುತ್ತದೆ. ಬೇರೆ ಕಡೆಯಿಂದ ಸೋಂಕು ಬಂದ ಮಕ್ಕಳಲ್ಲಿ ಈ ತಿರುವು ಬೇಗ ಬರುತ್ತದೆ. ತಾಯಿ ಪಾಸಿಟಿವ್ ಇರುವ ಮಕ್ಕಳಲ್ಲಿ ತಡ. ಹುಟ್ಟುವಾಗಲೇ ಸೋಂಕಾದ ಮಕ್ಕಳಲ್ಲಿ ಮೊದಲ ಮೂರು ವರ್ಷ ವರ್ಷಕ್ಕೆ ನೂರರಲ್ಲಿ ಇಬ್ಬರಿಗೂ ಇದು ಆಗುವುದಿಲ್ಲ, ಆಮೇಲೆ ವರ್ಷಕ್ಕೆ ನಾಲ್ಕೈದು ಮಕ್ಕಳಿಗೆ ಆಗುತ್ತಾ ಹೋಗುತ್ತದೆ. ಎಷ್ಟೋ ಮಕ್ಕಳು ಹದಿಹರೆಯ ದಾಟಿ, ಇಪ್ಪತ್ತು ದಾಟಿ, ಇ ಪಾಸಿಟಿವ್ ಆಗಿಯೇ ಇರುತ್ತಾರೆ. ಹೆಣ್ಣುಮಗುವಾದರೆ ಅವಳು ಬಸುರಿಯಾಗುವ ವಯಸ್ಸಿಗೆ ಬಂದಾಗಲೂ ವೈರಸ್ ಮೇಲೆಯೇ ಇರುತ್ತದೆ. ಸೋಂಕು ತಲೆಮಾರಿನಿಂದ ತಲೆಮಾರಿಗೆ ದಾಟುವುದು ಹೀಗೆ.

ನಮ್ಮ ಮನೆಯಲ್ಲೂ ಹೀಗೇ ಆಗಿತ್ತು. ಮಗನ ನಂತರ ಅಕ್ಕನ ಟೆಸ್ಟ್ ಆಯಿತು. ಪಾಸಿಟಿವ್. ಭಾವನದ್ದು ನೆಗೆಟಿವ್, ಅವರಿಗೆ ಲಸಿಕೆ ಶುರು ಮಾಡಿದರು. ಡಾಕ್ಟರು "ನಿಮ್ಮ ಅಮ್ಮನನ್ನೂ, ಒಡಹುಟ್ಟಿದವರನ್ನೂ ಕರೆದುಕೊಂಡು ಬನ್ನಿ" ಅಂದರು. ಅಮ್ಮನ ರಿಪೋರ್ಟೂ ಪಾಸಿಟಿವ್ ಬಂತು. ಅರವತ್ತು ದಾಟಿದ ಅಮ್ಮನಿಗೆ ಆವತ್ತಿನವರೆಗೆ ಗೊತ್ತೇ ಇರಲಿಲ್ಲ. ನನ್ನದು ನೆಗೆಟಿವ್.

ಒಬ್ಬಳೇ ತಾಯಿ, ಇಬ್ಬರು ಹೆಣ್ಣುಮಕ್ಕಳು, ಒಬ್ಬಳಿಗೆ ಬಂತು, ಇನ್ನೊಬ್ಬಳಿಗೆ ಬರಲಿಲ್ಲ. ಇದು ಹೇಗೆ ಅಂತ ಕೇಳಿದೆ. ಡಾಕ್ಟರು ಹೇಳಿದ್ದು ಊಹೆ, ಆದರೆ ಸರಿಯಾಗಿ ಹೊಂದುವ ಊಹೆ. ಅಕ್ಕ ಹುಟ್ಟಿದಾಗ ಅಮ್ಮ ಚಿಕ್ಕ ವಯಸ್ಸಿನವರು, ಇ ಪಾಸಿಟಿವ್ ಇದ್ದಿರಬೇಕು. ನಾನು ಹುಟ್ಟಿದ್ದು ಎಷ್ಟೋ ವರ್ಷದ ಮೇಲೆ. ಅಷ್ಟರಲ್ಲಿ ಅಮ್ಮನ ದೇಹದಲ್ಲಿ ಆ ತಿರುವು ಬಂದು ವೈರಸ್ ತಗ್ಗಿರಬೇಕು. ಅಕ್ಕನಿಗೂ ನನಗೂ ಒಂದೇ ಹಾಲು, ಒಂದೇ ಮಡಿಲು. ವ್ಯತ್ಯಾಸ ಅಂದರೆ ಅಮ್ಮನ ರಕ್ತದಲ್ಲಿ ಆ ಹೊತ್ತಿಗೆ ವೈರಸ್ ಎಷ್ಟಿತ್ತು ಅನ್ನುವುದು. ಇದರಲ್ಲಿ ಅಮ್ಮ ಮಾಡಿದ್ದೂ ಏನಿಲ್ಲ, ಬಿಟ್ಟಿದ್ದೂ ಏನಿಲ್ಲ.

ಆವತ್ತು ರಾತ್ರಿ ಅಡುಗೆಮನೆಯಲ್ಲಿ ಅಕ್ಕ ನನ್ನನ್ನು ಕೇಳಿದಳು, "ನಾನೇ ಕೊಟ್ಟೆ ಅಲ್ವೇನೇ ಅವನಿಗೆ?" ನನಗೆ ಬಾಯಿ ಬರಲಿಲ್ಲ. ಬಾಗಿಲ ಹತ್ತಿರ ನಿಂತಿದ್ದ ಅಮ್ಮ ಒಳಗೆ ಬಂದು, "ಹಾಗಾದ್ರೆ ನಿನಗೆ ಕೊಟ್ಟವಳು ನಾನು. ನನಗೆ ಕೊಟ್ಟವಳು ನಿಮ್ಮಜ್ಜಿ ಇರಬೇಕು. ಎಲ್ಲಿವರೆಗೆ ಹೋಗ್ತೀಯ ನೀನು?" ಅಂದರು. ಅದಕ್ಕಿಂತ ಒಳ್ಳೆಯ ಉತ್ತರ ನನಗೆ ಇವತ್ತಿಗೂ ಹೊಳೆದಿಲ್ಲ.

ಅಕ್ಕ ಹುಟ್ಟಿದ ಕಾಲಕ್ಕೆ ಬಹುತೇಕ ದೇಶಗಳ ಮಕ್ಕಳಿಗೆ ಈ ಲಸಿಕೆ ಸಿಗುತ್ತಲೇ ಇರಲಿಲ್ಲ. ಬರೂಕ್ ಬ್ಲೂಂಬರ್ಗ್ ಅವರ ತಂಡ ಈ ವೈರಸ್ಸಿನ ಕುರುಹು ಪತ್ತೆ ಮಾಡಿದ್ದು 1960ರ ದಶಕದಲ್ಲಿ. ಆ ಕೆಲಸಕ್ಕೆ ಅವರಿಗೆ 1976ರಲ್ಲಿ ನೊಬೆಲ್ ಬಂತು. ಮೊದಲ ಲಸಿಕೆಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1981ರಲ್ಲಿ. ಎಲ್ಲ ದೇಶಗಳೂ ಇದನ್ನು ಮಕ್ಕಳ ಲಸಿಕೆಗಳ ಪಟ್ಟಿಗೆ ಸೇರಿಸಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು 1992ರಲ್ಲಿ. ಅಮ್ಮ, ಅಜ್ಜಿ ಏನು ಮಾಡಲು ಸಾಧ್ಯವಿತ್ತು, ಹೇಳಿ?

ಆದರೆ ಅಕ್ಕನ ಮಗ ಹುಟ್ಟಿದಾಗ ಎಲ್ಲವೂ ಇತ್ತು. ನನಗೆ ಸಿಟ್ಟು ಬರುವುದು ಅಲ್ಲಿ. ಹಳೆಯ ಫೈಲ್ ಹುಡುಕಿ ತೆಗೆದೆವು. ಬಸುರಿಯಾಗಿದ್ದಾಗಿನ ರಕ್ತಪರೀಕ್ಷೆಯ ಹಾಳೆಯಲ್ಲಿ, ಹಿಮೋಗ್ಲೋಬಿನ್, ಸಕ್ಕರೆ, ರಕ್ತದ ಗುಂಪು ಎಲ್ಲದರ ಕೆಳಗೆ, ಎಚ್‌ಬಿಎಸ್‌ಎಜಿ ಪಕ್ಕದಲ್ಲಿ ರಿಯಾಕ್ಟಿವ್ ಅಂತ ಅಚ್ಚಾಗಿತ್ತು. ಅದರ ಸುತ್ತ ಪೆನ್ನಿನಲ್ಲಿ ಯಾರೋ ಒಂದು ಗುಂಡು ಹಾಕಿದ್ದರು. ಅಂದರೆ ಯಾರೋ ನೋಡಿದ್ದರು. ಗುಂಡು ಹಾಕಿ, ಮುಂದಿನ ಹಾಳೆಗೆ ಹೋಗಿದ್ದರು. ಅಕ್ಕನಿಗೆ ಯಾರೂ ಏನೂ ಹೇಳಲಿಲ್ಲ. ಇ ಆ್ಯಂಟಿಜೆನ್ ನೋಡಲಿಲ್ಲ, ವೈರಲ್ ಲೋಡ್ ನೋಡಲಿಲ್ಲ. ಹುಟ್ಟಿದ ದಿನ ಮಗುವಿಗೆ ಹೆಪಟೈಟಿಸ್ ಬಿ ಲಸಿಕೆ ಬೀಳಲಿಲ್ಲ. ಮೊದಲ ಡೋಸ್ ಬಿದ್ದದ್ದು ಆರನೇ ವಾರದಲ್ಲಿ, ಬೇರೆ ಲಸಿಕೆಗಳ ಜೊತೆ. ಪಾಸಿಟಿವ್ ತಾಯಿಯ ಮಗುವಿಗೆ ಆರು ವಾರ ಅಂದರೆ ತುಂಬ ತಡ. ಅಷ್ಟರೊಳಗೆ ವೈರಸ್ ಲಿವರಿನಲ್ಲಿ ನೆಲೆಯೂರಿರುತ್ತದೆ.

ಹುಟ್ಟಿದ 24 ಗಂಟೆಯೊಳಗೆ ಅನ್ನುವುದು ಯಾಕೆ ಅಷ್ಟು ಮುಖ್ಯ ಅಂತ ಈಗ ಗೊತ್ತಾಗುತ್ತದಲ್ಲ. ಸೋಂಕು ತಾಗುವುದು ಹೆರಿಗೆಯ ಹೊತ್ತಿನಲ್ಲಿ. ಅದರ ಬೆನ್ನಿಗೇ ಲಸಿಕೆ ಹಾಕಿದರೆ, ವೈರಸ್ ಬೇರೂರುವ ಮುಂಚೆ ಮಗುವಿನ ದೇಹ ಎಚ್ಚೆತ್ತುಕೊಳ್ಳುತ್ತದೆ. ಅದರ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ ಅಂತ ಇನ್ನೊಂದು ಇಂಜೆಕ್ಷನ್ ಇದೆ. ಅದರಲ್ಲಿ ಸಿದ್ಧವಾದ ಆ್ಯಂಟಿಬಾಡಿಗಳೇ ಇರುತ್ತವೆ. ಮಗುವಿನ ದೇಹ ಸ್ವಂತದ್ದನ್ನು ತಯಾರಿಸಿಕೊಳ್ಳುವವರೆಗೆ ಅವು ಕಾಯುತ್ತವೆ. ಒಂದು ತೊಡೆಗೆ ಲಸಿಕೆ, ಇನ್ನೊಂದು ತೊಡೆಗೆ ಇದು, ಸಾಧ್ಯವಾದರೆ 12 ಗಂಟೆಯೊಳಗೆ. ಆಮೇಲೆ ಉಳಿದ ಡೋಸ್‌ಗಳನ್ನು ಸರಿಯಾದ ಹೊತ್ತಿಗೆ ಮುಗಿಸಬೇಕು. ಇಷ್ಟಾದರೆ ಸೋಂಕು ದಾಟುವುದನ್ನು 85ರಿಂದ 95 ಪ್ರತಿಶತ ತಡೆಯಬಹುದು.

ಇದನ್ನು ಒಂದು ಇಡೀ ದೇಶದ ಮಟ್ಟದಲ್ಲಿ ಮೊದಲು ಮಾಡಿ ತೋರಿಸಿದ್ದು ತೈವಾನ್. ಆ ಕಥೆ ಓದಿದಾಗ ನನಗೆ ಮೈ ಜುಂ ಅಂದಿತ್ತು. ಪಾಮರ್ ಬೀಸ್ಲಿ ಮತ್ತು ಅವರ ಜೊತೆಗಾರರು ಅಲ್ಲಿ 22,707 ಗಂಡಸರನ್ನು ವರ್ಷಗಟ್ಟಲೆ ಹಿಂಬಾಲಿಸಿ, ಈ ಸೋಂಕು ಇರುವವರಿಗೆ ಲಿವರ್ ಕ್ಯಾನ್ಸರ್ ಬರುವ ಸಾಧ್ಯತೆ ಇಲ್ಲದವರಿಗಿಂತ 200 ಪಟ್ಟಿಗೂ ಜಾಸ್ತಿ ಅಂತ 1981ರಲ್ಲಿ ಪ್ರಕಟಿಸಿದರು. 1984ರ ಜುಲೈನಲ್ಲಿ ತೈವಾನ್ ನವಜಾತ ಶಿಶುಗಳಿಗೆ ಲಸಿಕೆ ಶುರು ಮಾಡಿತು. ಮೊದಲು ಯಾರಿಗೆ ಕೊಟ್ಟರು ಗೊತ್ತಾ? ಪಾಸಿಟಿವ್ ಬಂದ ತಾಯಂದಿರ ಮಕ್ಕಳಿಗೆ. ಬಸುರಿಯರಿಗೆಲ್ಲ ಟೆಸ್ಟ್ ಮಾಡಿ, ಆ ರಿಪೋರ್ಟ್ ಹಿಡಿದುಕೊಂಡೇ ಕಾರ್ಯಕ್ರಮ ನಡೆಸಿದರು. 1986ರಿಂದ ಎಲ್ಲ ಮಕ್ಕಳಿಗೂ ಕೊಟ್ಟರು. ತೈಪೆ ನಗರದ ಮಕ್ಕಳಲ್ಲಿ ನೂರಕ್ಕೆ ಹತ್ತರ ಹತ್ತಿರ ಇದ್ದ ಸೋಂಕು ಹತ್ತು ವರ್ಷದಲ್ಲಿ 1.3ಕ್ಕೆ ಇಳಿಯಿತು. 6ರಿಂದ 14 ವರ್ಷದ ಮಕ್ಕಳಲ್ಲಿ ಲಿವರ್ ಕ್ಯಾನ್ಸರ್ ಒಂದು ಲಕ್ಷಕ್ಕೆ 0.70 ಇದ್ದದ್ದು 0.36ಕ್ಕೆ ಬಂತು. ಒಂದು ಲಸಿಕೆಯಿಂದ ಮನುಷ್ಯರಲ್ಲಿ ಕ್ಯಾನ್ಸರ್ ಕಡಿಮೆಯಾಗಿದ್ದನ್ನು ಜಗತ್ತು ಕಂಡಿದ್ದು ಆಗಲೇ ಮೊದಲು. ಲಿವರ್ ಕ್ಯಾನ್ಸರ್ ಬಂದ ಆ ಮಕ್ಕಳ ತಾಯಂದಿರಲ್ಲಿ ಬಹುಪಾಲು ಜನ ಪಾಸಿಟಿವ್ ಇದ್ದವರು.

ತೈವಾನಿನಲ್ಲೂ ಲಸಿಕೆ, ಇಮ್ಯುನೊಗ್ಲಾಬ್ಯುಲಿನ್ ಎರಡೂ ಸಿಕ್ಕಿದ ಮೇಲೆಯೂ ಒಂದಷ್ಟು ಮಕ್ಕಳಿಗೆ ಸೋಂಕಾಯಿತು. ಆ ಮಕ್ಕಳ ತಾಯಂದಿರನ್ನು ನೋಡಿದರೆ ಹೆಚ್ಚಿನವರು ಇ ಪಾಸಿಟಿವ್, ವೈರಲ್ ಲೋಡ್ ತುಂಬ ಜಾಸ್ತಿ ಇದ್ದವರು. ಅಂಥವರಿಗೆ ಈಗ ಇನ್ನೊಂದು ದಾರಿ ಇದೆ. ಬಸುರಿಯಲ್ಲೇ ತಾಯಿಗೆ ಟೆನೊಫೋವಿರ್ ಮಾತ್ರೆ ಕೊಟ್ಟು ಹೆರಿಗೆಯ ಹೊತ್ತಿಗೆ ವೈರಸ್ಸನ್ನು ತಗ್ಗಿಸುವುದು. ಲೋಡ್ ಒಂದು ಮಿಲಿಲೀಟರಿಗೆ 2 ಲಕ್ಷ ಯೂನಿಟ್ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ, ಅಥವಾ ಇ ಪಾಸಿಟಿವ್ ಇದ್ದರೆ ಇದನ್ನು ಕೊಡಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಚೀನಾದಲ್ಲಿ ಇಂಥ 200 ತಾಯಂದಿರ ಮೇಲೆ ನಡೆದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಎಲ್ಲರ ಮಕ್ಕಳಿಗೂ ಲಸಿಕೆ ಮತ್ತು ಇಮ್ಯುನೊಗ್ಲಾಬ್ಯುಲಿನ್ ಸಿಕ್ಕಿತ್ತು. ಕೊನೆವರೆಗೂ ಅಧ್ಯಯನದಲ್ಲಿ ಉಳಿದವರಲ್ಲಿ, ಮಾತ್ರೆ ತೆಗೆದುಕೊಂಡ ತಾಯಂದಿರ ಒಂದು ಮಗುವಿಗೂ ಸೋಂಕಾಗಲಿಲ್ಲ. ತೆಗೆದುಕೊಳ್ಳದವರ ಮಕ್ಕಳಲ್ಲಿ ನೂರಕ್ಕೆ 7ರಷ್ಟು ಆಯಿತು.

ಇದಕ್ಕೆ ಪಕ್ಕದಲ್ಲಿ ಇಟ್ಟು ನೋಡಬೇಕಾದ ಇನ್ನೊಂದು ಅಧ್ಯಯನ 2018ರಲ್ಲಿ ಥಾಯ್ಲೆಂಡಿನಿಂದ ಬಂತು. ಅಲ್ಲಿ ಮಾತ್ರೆ ತೆಗೆದುಕೊಂಡ ಗುಂಪಿನಲ್ಲಿ ಯಾವ ಮಗುವಿಗೂ ಸೋಂಕಿಲ್ಲ. ಮಾತ್ರೆ ಇಲ್ಲದ ಗುಂಪಿನ 147 ಮಕ್ಕಳಲ್ಲಿ ಬರೀ 3 ಮಕ್ಕಳಿಗೆ. ಅಂತರ ಅಷ್ಟು ಕಡಿಮೆ ಯಾಕೆ? ಅಲ್ಲಿ ಹೆಚ್ಚಿನ ಮಕ್ಕಳಿಗೆ ಎರಡೂ ಇಂಜೆಕ್ಷನ್ ಹುಟ್ಟಿದ ಒಂದೆರಡು ಗಂಟೆಯೊಳಗೇ ಬಿದ್ದಿತ್ತು. ಬೇಗ ಕೊಡುವುದೂ ಒಂದು ಔಷಧಿಯೇ ಅಂತ ನನಗೆ ಇದನ್ನು ಓದಿದಾಗ ಅನ್ನಿಸಿತು. ಆದರೂ ಜಗತ್ತಿನ ಲೆಕ್ಕ ನೋಡಿದರೆ 2022ರಲ್ಲಿ ಹುಟ್ಟಿದ ಮಕ್ಕಳಲ್ಲಿ ಸುಮಾರು 45 ಪ್ರತಿಶತಕ್ಕೆ ಮಾತ್ರ ಹೊತ್ತಿಗೆ ಸರಿಯಾಗಿ ಈ ಮೊದಲ ಡೋಸ್ ಸಿಕ್ಕಿದೆ. ಅದೇ ವರ್ಷ 25 ಕೋಟಿಗೂ ಹೆಚ್ಚು ಜನ ದೀರ್ಘಕಾಲದ ಹೆಪಟೈಟಿಸ್ ಬಿ ಜೊತೆ ಬದುಕುತ್ತಿದ್ದರು, ಸುಮಾರು 11 ಲಕ್ಷ ಜನ ಅದರಿಂದ ತೀರಿಕೊಂಡರು.

ಪಾಸಿಟಿವ್ ತಾಯಂದಿರು ನನ್ನ ಹತ್ತಿರ ಕೇಳುವ ಕೆಲವು ಮಾತಿಗೆ ಇಲ್ಲೇ ಉತ್ತರ ಹೇಳಿಬಿಡುತ್ತೇನೆ. ಎದೆಹಾಲು ಕುಡಿಸಬಹುದು. ಮಗುವಿಗೆ ಹುಟ್ಟಿದಾಗಿನ ಲಸಿಕೆ ಸಿಕ್ಕಿದ್ದರೆ ಹಾಲಿನಿಂದ ಅಪಾಯ ಜಾಸ್ತಿಯಾಗುವುದಿಲ್ಲ. ಈ ಕಾರಣಕ್ಕೇ ಸಿಸೇರಿಯನ್ ಮಾಡಿಸಬೇಕಿಲ್ಲ. ಮುದ್ದಾಡುವುದರಿಂದ, ಜೊತೆಗೆ ಉಣ್ಣುವುದರಿಂದ, ಒಂದೇ ಹಾಸಿಗೆಯಲ್ಲಿ ಮಲಗುವುದರಿಂದ ಹರಡುವುದಿಲ್ಲ. ಬ್ಲೇಡು, ಉಗುರು ಕತ್ತರಿ, ಹಲ್ಲುಜ್ಜುವ ಬ್ರಷ್ಷು ಮಾತ್ರ ಬೇರೆ ಬೇರೆ ಇರಲಿ. ಗಾಯವಾದರೆ ಮುಚ್ಚಿ. ಈ ವೈರಸ್ ದೇಹದ ಹೊರಗೂ ಕನಿಷ್ಠ ಏಳು ದಿನ ಬದುಕಿರಬಲ್ಲದು. ಮನೆಯಲ್ಲಿರುವ ಎಲ್ಲರೂ ಟೆಸ್ಟ್ ಮಾಡಿಸಿ, ನೆಗೆಟಿವ್ ಇದ್ದವರು ಲಸಿಕೆ ಹಾಕಿಸಿಕೊಂಡರೆ ಆಯಿತು. ಮಗುವಿನ ತಟ್ಟೆ ಲೋಟ ಬೇರೆ ಇಡುವ ಮನೆಗಳನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಅಕ್ಕನ ಮಗನಿಗೆ ಈಗ ಒಂಬತ್ತು. ಅವನಿಗೆ ಮಾತ್ರೆ ಶುರುವಾಗಿಲ್ಲ, ಯಾಕೆ ಅಂತ ಕೇಳುವವರು ತುಂಬ ಜನ. ಇ ಪಾಸಿಟಿವ್ ಇದ್ದು, ವೈರಸ್ ಕೋಟಿಗಟ್ಟಲೆ ಇದ್ದು, ಲಿವರಿಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಎಎಲ್‌ಟಿ ಅನ್ನುವ ಕಿಣ್ವ ಮಾತ್ರ ನಾರ್ಮಲ್ ಇರುವ ಹಂತದಲ್ಲಿ ಮಕ್ಕಳಿಗೆ ಸಾಮಾನ್ಯವಾಗಿ ಚಿಕಿತ್ಸೆ ಶುರು ಮಾಡುವುದಿಲ್ಲ. ಇರುವ ಔಷಧಿಗಳು ವೈರಸ್ಸನ್ನು ಅದುಮಿ ಇಡುತ್ತವೆ, ಬೇರು ಸಮೇತ ಕೀಳುವುದಿಲ್ಲ. ಲಿವರ್ ಕೋಶದ ಕೇಂದ್ರದಲ್ಲಿ ವೈರಸ್ ತನ್ನ ಡಿಎನ್‌ಎಯ ಒಂದು ಪ್ರತಿಯನ್ನು ಬಿಗಿಯಾಗಿ ಮಡಚಿ ಇಟ್ಟುಕೊಂಡಿರುತ್ತದೆ, ಅಲ್ಲಿಗೆ ಈಗಿನ ಔಷಧಿ ತಲುಪುವುದಿಲ್ಲ. ದೇಹವೇ ಹೋರಾಟಕ್ಕೆ ಇಳಿದಾಗ ಎಎಲ್‌ಟಿ ಏರುತ್ತದೆ. ಅದು ಏರಿಯೇ ಉಳಿದು, ಇ ಆ್ಯಂಟಿಜೆನ್ ತಾನಾಗಿ ಹೋಗದಿದ್ದರೆ ಔಷಧಿ ಕೊಡುತ್ತಾರೆ. ಎಂಟೆಕಾವಿರ್, ಟೆನೊಫೋವಿರ್ ಎರಡನ್ನೂ ಎರಡು ವರ್ಷ ದಾಟಿದ ಮಕ್ಕಳಿಗೆ ಕೊಡಬಹುದು. ಇಂಟರ್ಫೆರಾನ್ ಇಂಜೆಕ್ಷನ್ ಕೂಡ ಇದೆ. ಆದರೆ ಎಎಲ್‌ಟಿ ನಾರ್ಮಲ್ ಇರುವ, ತಾಯಿಯಿಂದ ಸೋಂಕು ಬಂದ ಮಕ್ಕಳಲ್ಲಿ ಅದು ಅಷ್ಟಾಗಿ ಕೆಲಸ ಮಾಡುವುದಿಲ್ಲ. ನೋಡಿ, ಇಲ್ಲೂ ತಾಯಿಯ ರಿಪೋರ್ಟೇ ಬಂತು.

ಕಾಯುವುದು ಅಂದರೆ ಸುಮ್ನೆ ಕೂರುವುದು ಅಂತಲ್ಲ. ಆರಾರು ತಿಂಗಳಿಗೆ ರಕ್ತಪರೀಕ್ಷೆ, ಆಗಾಗ ಸ್ಕ್ಯಾನ್. ಬಾಲ್ಯದಲ್ಲಿ ಸೋಂಕು ಬಂದು ಉಳಿದವರಲ್ಲಿ, ನಿಗಾ ಇಲ್ಲದೆ ಚಿಕಿತ್ಸೆ ಇಲ್ಲದೆ ಬಿಟ್ಟರೆ, ನಾಲ್ವರಲ್ಲಿ ಒಬ್ಬರು ಮುಂದೆ ಸಿರೋಸಿಸ್ (ಲಿವರ್ ಕಲೆಗಟ್ಟಿ ಗಟ್ಟಿಯಾಗುವುದು) ಅಥವಾ ಲಿವರ್ ಕ್ಯಾನ್ಸರಿಗೆ ತುತ್ತಾಗಿ ಅಕಾಲದಲ್ಲಿ ಸಾಯುತ್ತಾರೆ. ನಿಗಾ ಇದ್ದವರ ಕಥೆ ಬೇರೆ. ಅದಕ್ಕೇ ಅಕ್ಕ ಒಂದು ತಾರೀಖನ್ನೂ ತಪ್ಪಿಸುವುದಿಲ್ಲ. ಹುಡುಗನಿಗೆ ಈಗ ಅಭ್ಯಾಸವಾಗಿದೆ. ಲ್ಯಾಬಿನ ಕುರ್ಚಿಗೆ ತಾನೇ ಹತ್ತಿ ಕೂತು, ತೋಳು ಮಡಚಿಕೊಂಡು, "ಚಿಕ್ಕಮ್ಮಾ, ಹೋದ ಸಲ ಎಡಗೈ ಅಲ್ವಾ? ಈ ಸಲ ಬಲಗೈ ಸರದಿ" ಅನ್ನುತ್ತಾನೆ. ರಬ್ಬರ್ ಪಟ್ಟಿ ಕಟ್ಟುವಾಗ ಮುಷ್ಟಿ ಬಿಗಿಹಿಡಿಯಿರಿ ಅಂತ ಪಕ್ಕದಲ್ಲಿ ಕೂತ ದೊಡ್ಡವರಿಗೂ ಹೇಳಿಕೊಡುತ್ತಾನೆ.

ಅಕ್ಕ ಎರಡನೇ ಸಲ ಬಸುರಿಯಾದಾಗ ಮೂರನೇ ತಿಂಗಳಲ್ಲೇ ವೈರಲ್ ಲೋಡ್ ನೋಡಿಸಿದೆವು. 2 ಲಕ್ಷದ ಗೆರೆಗಿಂತ ಎಷ್ಟೋ ಮೇಲಿತ್ತು, ಇ ಪಾಸಿಟಿವ್ ಕೂಡ. ಆಗಲೇ ಟೆನೊಫೋವಿರ್ ಬಗ್ಗೆ ತೀರ್ಮಾನವಾಯಿತು. ಮಾತ್ರೆ ಶುರುವಾಗಿದ್ದು 28ನೇ ವಾರಕ್ಕೆ. ದಿನಕ್ಕೊಂದು. ಅಮ್ಮ ದಿನಾ ಊಟವಾದ ಮೇಲೆ "ಮಾತ್ರೆ ಆಯ್ತಾ?" ಅಂತ ಕೇಳುತ್ತಿದ್ದರು, ಆಯಿತು ಅಂದರೂ ಪಟ್ಟಿ ತೆಗೆದು ಎಣಿಸುತ್ತಿದ್ದರು. ಹೆರಿಗೆಗೆ ಮುಂಚೆ ಮತ್ತೆ ನೋಡಿದಾಗ ಲೋಡ್ ಸಾವಿರದ ಲೆಕ್ಕಕ್ಕೆ ಇಳಿದಿತ್ತು.

ಇಮ್ಯುನೊಗ್ಲಾಬ್ಯುಲಿನ್ ಕೇಳಿದ ಕೂಡಲೇ ಸಿಗುವ ವಸ್ತು ಅಲ್ಲ. ಅದಕ್ಕೆ ಮುಂಚೆಯೇ ತರಿಸಿ ಆಸ್ಪತ್ರೆಯ ಫ್ರಿಜ್ಜಿನಲ್ಲಿ ಅಕ್ಕನ ಹೆಸರು ಬರೆಸಿ ಇಡಿಸಿದ್ದೆವು. ಫೈಲಿನ ರಟ್ಟಿನ ಮೇಲೆ ಭಾವ ಮಾರ್ಕರಿನಲ್ಲಿ ದಪ್ಪಗೆ ಬರೆದಿದ್ದರು: "ತಾಯಿಗೆ ಹೆಪಟೈಟಿಸ್ ಬಿ ಇದೆ. ಮಗು ಹುಟ್ಟಿದ ತಕ್ಷಣ ಎರಡು ಇಂಜೆಕ್ಷನ್." ಹೆರಿಗೆಯಾಗಿದ್ದು ನಸುಕಿನಲ್ಲಿ. ಆ ಹೊತ್ತಿಗೆ ಪಾಳಿ ಬದಲಾಗುತ್ತದೆ, ಇಂಥ ಕೆಲಸ ಜಾರಿಹೋಗುವುದು ಅಂಥ ಹೊತ್ತಲ್ಲೇ. ಮಗುವನ್ನು ಒರೆಸಿ ತೂಕ ಮಾಡಿದ ಸಿಸ್ಟರ್ ರಟ್ಟಿನ ಮೇಲಿದ್ದದ್ದನ್ನು ಓದಿ, ಪಾಳಿ ಬಿಟ್ಟು ಹೋಗುವ ಮುಂಚೆ ತಾವೇ ಫ್ರಿಜ್ಜಿನಿಂದ ತಂದು, ಎರಡು ತೊಡೆಗೂ ಹಾಕಿ, ಹೊತ್ತು ಬರೆದು ಸಹಿ ಮಾಡಿದರು. ನಾನು ಅವರಿಗೆ ಕೈ ಮುಗಿದೆ. "ಇದು ನಮ್ಮ ಕೆಲಸ ಅಲ್ವಮ್ಮಾ" ಅಂದರು. ಹೌದು, ಕೆಲಸವೇ. ಐದು ನಿಮಿಷ ಹಿಡಿಯುವ ಕೆಲಸ.

ಮಗುವಿಗೆ ಸೋಂಕು ಬಂದಿದೆಯೇ ಅಂತ ಕೂಡಲೇ ನೋಡಲು ಆಗುವುದಿಲ್ಲ. ಲಸಿಕೆಯೇ ಕೆಲವು ದಿನ ರಕ್ತದಲ್ಲಿ ಎಸ್ ಆ್ಯಂಟಿಜೆನ್, ಅಂದರೆ ಅದೇ ಎಚ್‌ಬಿಎಸ್‌ಎಜಿ, ತೋರಿಸಬಹುದು, ಇಮ್ಯುನೊಗ್ಲಾಬ್ಯುಲಿನ್ ಆ್ಯಂಟಿಬಾಡಿಗಳೂ ತಿಂಗಳುಗಟ್ಟಲೆ ಇರುತ್ತವೆ. ತಾಯಿಯ ಆ್ಯಂಟಿಬಾಡಿಗಳಂತೂ ಎರಡು ವರ್ಷದವರೆಗೂ ಉಳಿಯಬಹುದು. ಅದಕ್ಕೇ ಒಂಬತ್ತು ತಿಂಗಳಿಗಿಂತ ಮುಂಚೆ ಟೆಸ್ಟ್ ಮಾಡಿಸಬಾರದು. ಕಾಯುವುದು ಕಷ್ಟ, ಆದರೂ ಕಾಯಲೇಬೇಕು. ಒಂಬತ್ತರಿಂದ ಹನ್ನೆರಡನೇ ತಿಂಗಳಲ್ಲಿ, ಲಸಿಕೆಯ ಎಲ್ಲ ಡೋಸ್ ಮುಗಿದ ಮೇಲೆ, ಎರಡು ವಿಷಯ ನೋಡುತ್ತಾರೆ. ಎಸ್ ಆ್ಯಂಟಿಜೆನ್ ಇಲ್ಲದೇ ಇರಬೇಕು, ಅದರ ವಿರುದ್ಧದ ಆ್ಯಂಟಿಬಾಡಿ 10 ಯೂನಿಟ್ ಅಥವಾ ಅದಕ್ಕಿಂತ ಜಾಸ್ತಿ ಇರಬೇಕು.

ಚಿಕ್ಕವಳಿಗೆ ಹತ್ತು ತಿಂಗಳಾದಾಗ ಮಾಡಿಸಿದೆವು. ಆ್ಯಂಟಿಜೆನ್ ನೆಗೆಟಿವ್. ಆ್ಯಂಟಿಬಾಡಿ ನೂರಾರು ಯೂನಿಟ್. ರಿಪೋರ್ಟ್ ಕೈಗೆ ಬಂದ ಮೇಲೆ ಅಕ್ಕ ತುಂಬ ಹೊತ್ತು ಮಾತಾಡಲಿಲ್ಲ, ಆಮೇಲೆ ಅಮ್ಮನಿಗೆ ಫೋನ್ ಮಾಡಿ, "ಇವಳಿಗೆ ಬಂದಿಲ್ಲ ಕಣಮ್ಮಾ, ಇಲ್ಲಿಗೆ ನಿಂತಿತು" ಅಂದಳು.

ದೊಡ್ಡವನ ಎಎಲ್‌ಟಿ ಕಳೆದ ಸಲ ಮೊದಲ ಬಾರಿಗೆ ಸ್ವಲ್ಪ ಏರಿದೆ. ಅವನ ದೇಹ ಎಚ್ಚರವಾಗುತ್ತಿರಬಹುದು, ಅಥವಾ ಇದು ಬಂದು ಹೋಗುವ ಏರಿಳಿತ ಇರಬಹುದು. ಆರು ತಿಂಗಳ ಬದಲು ಮೂರು ತಿಂಗಳಿಗೇ ಬನ್ನಿ ಅಂದಿದ್ದಾರೆ ಡಾಕ್ಟರು. ಎಎಲ್‌ಟಿ ಇನ್ನೂ ಮೇಲೆಯೇ ಇದ್ದರೆ ಇ ಆ್ಯಂಟಿಜೆನ್, ವೈರಲ್ ಲೋಡ್ ಎರಡನ್ನೂ ಮತ್ತೆ ನೋಡಿ, ಮಾತ್ರೆಯ ಮಾತು ಆಡೋಣ ಅಂದಿದ್ದಾರೆ. ಈ ಸಲ ಎಡಗೈ ಸರದಿಯಂತೆ.